ಟ್ರ್ಯಾಕ್ಟರ್ ಸ್ಪೇರ್: ರೊಕ್ಕ ಹೆಚ್ಚಾದರೂ ಕಂಪನಿ ಮಾಲೇ ಬೇಕೇ?

ಪರ

ಎರೆ ಹೊಲದ ಹದ ಯಾರಿಗೂ ಕಾಯುವುದಿಲ್ಲ. ಜೂನ್ ಮಳೆ ಬಿಟ್ಟ ಮೂರ್ನಾಲ್ಕು ದಿನದಲ್ಲಿ ಹೆಸರು ಬಿತ್ತಿ ಮುಗಿಸಬೇಕು. ಆಗ ಟ್ರ್ಯಾಕ್ಟರ್ ನಿಂತರೆ, ಅಗ್ಗದ ಸ್ಪೇರ್‌ನಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಏರ್ ಫಿಲ್ಟರನ್ನೇ ತೆಗೆದುಕೊಳ್ಳಿ. ಡೂಪ್ಲಿಕೇಟ್ ಎಲಿಮೆಂಟ್ (ಫಿಲ್ಟರ್ ಒಳಗೆ ಗಾಳಿ ಸೋಸುವ ಕಾಗದದ ಭಾಗ) ಹೊರಗಿನಿಂದ ಥೇಟ್ ಹಾಗೇ ಕಾಣುತ್ತದೆ. ಫರಕು ಇರುವುದು ಕಾಗದದ ಮಡಿಕೆಯಲ್ಲಿ, ತುದಿಯ ರಬ್ಬರಿನಲ್ಲಿ. ರಬ್ಬರ್ ಬಿರುಸಾಗಿದ್ದರೆ ಸರಿಯಾಗಿ ಕೂಡುವುದಿಲ್ಲ. ಗಾಳಿ ಕಾಗದವನ್ನು ಬಿಟ್ಟು ಸಂದಿಯಿಂದ ನುಗ್ಗುತ್ತದೆ. ಮಣ್ಣು ಪುಡಿ ಮಾಡುವ ರೋಟಾವೇಟರ್ ಎಬ್ಬಿಸಿದ ಸಣ್ಣ ಧೂಳು ಅದರ ಜೊತೆಗೇ ಒಳಹೊಕ್ಕು ಎಂಜಿನ್ ಸಿಲಿಂಡರಿನ ಲೈನರ್, ಪಿಸ್ಟನ್ ರಿಂಗುಗಳನ್ನು ಅರ ಹಾಕಿದಂತೆ ಸವೆಸುತ್ತದೆ. ಆಮೇಲೆ ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಹೊಗೆ, ಆಯಿಲ್ ಇಳಿತ, ಕೊನೆಗೆ ಎಂಜಿನ್ ಬಿಚ್ಚುವ ಕೆಲಸ. ಪತ್ತೆ ಮಾಡುವುದು ಸುಲಭ: ಹೊಸ ಎಲಿಮೆಂಟ್ ಹಾಕುವಾಗ ಎಂಜಿನ್ ಕಡೆಯ ಹೋಸ್ ಒರೆಸಿಡಿ. ಇಪ್ಪತ್ತು ತಾಸು ಓಡಿದ ಮೇಲೆ ಎಂಜಿನ್ ನಿಲ್ಲಿಸಿ, ಹೋಸ್ ಬಿಚ್ಚಿ, ಒಳಮೈಯನ್ನು ಬಿಳಿ ಅರಿವೆಯಿಂದ ಒರೆಸಿ ನೋಡಿ. ಅರಿವೆಗೆ ಮಣ್ಣಿನ ಬಣ್ಣ ಹತ್ತಿದರೆ ಫಿಲ್ಟರ್ ಇದ್ದೂ ಇಲ್ಲದಂತೆ.

ಡೀಸೆಲ್ ಫಿಲ್ಟರ್‌ಗೂ ಇದೇ ಮಾತು. ಪಂಪು, ನಾಜಲ್‌ಗಳ ಒಳಗಿನ ಸಂದು ಕೆಲವೇ ಮೈಕ್ರಾನ್. ಕಾಗದದ ಅಂಟು ಬಿಟ್ಟರೆ ಕಸ ನೇರ ಅಲ್ಲಿಗೇ ಹೋಗುತ್ತದೆ.

ಇನ್ನು ರೋಟಾವೇಟರ್‌ನ ಶಿಯರ್ ಬೋಲ್ಟ್, ಅಂದರೆ ಭಾರ ಮಿತಿಮೀರಿದಾಗ ತಾನು ಮುರಿದು ಗೇರು ಉಳಿಸುವ ಬೋಲ್ಟ್. ಇಲ್ಲಿ ಗುಣಮಟ್ಟ ಅಂದರೆ ಗಟ್ಟಿತನ ಅಲ್ಲ, ಹೇಳಿದ ಗ್ರೇಡ್. 8.8 ಗ್ರೇಡ್ ಇರಬೇಕಾದಲ್ಲಿ ‘ಇನ್ನೂ ಗಟ್ಟಿ’ ಎಂದು 10.9 ಹಾಕಿದರೆ, ಕಲ್ಲು ಸಿಕ್ಕಾಗ ಮುರಿಯಬೇಕಾದ ಬೋಲ್ಟ್ ತಡೆದು ಗೇರಿನ ಹಲ್ಲು ಹಾರುತ್ತವೆ. ಪಾರ್ಟ್ ನಂಬರ್ ಹೇಳಿ ಕಂಪನಿಯದನ್ನೇ ತಂದರೆ ಈ ಗೊಂದಲವೇ ಇಲ್ಲ. ವಾರಂಟಿ ಇನ್ನೂ ಮುಗಿಯದ ಗಾಡಿಗಂತೂ ಬೇರೆ ಮಾತೇ ಬೇಡ.

ವಿರೋಧ

ಫಿಲ್ಟರ್ ವಿಷಯ ಒಪ್ಪೋಣ. ಆದರೆ ಅದೇ ನ್ಯಾಯವನ್ನು ಪ್ರತಿ ಬಿಡಿಭಾಗಕ್ಕೂ ಹಚ್ಚಿದರೆ ರೈತ ರೊಕ್ಕ ಕೊಡುವುದು ಡಬ್ಬಿಗೆ.

ಸಾಮಾನ್ಯವಾಗಿ ಟ್ರ್ಯಾಕ್ಟರ್ ಕಂಪನಿ ಬೇರಿಂಗ್ ತಯಾರಿಸುವುದಿಲ್ಲ, ಬೇರಿಂಗ್ ಕಂಪನಿಯಿಂದಲೇ ಕೊಳ್ಳುತ್ತದೆ. 6206 ನಂಬರಿನ ಬೇರಿಂಗ್ ಎಂದರೆ ಎಲ್ಲಿ ಹೋದರೂ ಒಳಗೆ 30, ಹೊರಗೆ 62, ದಪ್ಪ 16 ಮಿಲಿಮೀಟರ್. ಹಳೆಯದನ್ನು ಡೀಸೆಲ್‌ನಲ್ಲಿ ತೊಳೆದರೆ ಮೈಮೇಲಿನ ನಂಬರ್ ಕಾಣುತ್ತದೆ. ಕೊನೆಯ ಅಕ್ಷರಗಳನ್ನೂ ಬರೆದುಕೊಳ್ಳಿ: 2ಆರ್‌ಎಸ್ ಅಂದರೆ ಎರಡೂ ಬದಿ ರಬ್ಬರ್ ಸೀಲ್, ಸಿ3 ಅಂದರೆ ಒಳಗೆ ತುಸು ಹೆಚ್ಚು ಸಡಿಲ. ಸಿ3 ಇದ್ದಲ್ಲಿ ಸಾದಾ ಬೇರಿಂಗ್ ಹಾಕಿದರೆ ಬಿಸಿಯೇರಿ ಬಿಗಿಯಬಹುದು. ಆಯಿಲ್ ಸೀಲ್ ಮೇಲೂ 35-52-7 ಎಂಬಂತೆ ಒಳಗಿನ, ಹೊರಗಿನ, ದಪ್ಪದ ಅಳತೆ ಕೊರೆದಿರುತ್ತದೆ. ಬಿಲ್ಲು ಕೊಡುವ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿ ಹೆಸರುವಾಸಿ ತಯಾರಕರದನ್ನು ಕೊಂಡರೆ ಸಾಕು.

ಮಣ್ಣಿನಲ್ಲೇ ಸವೆಯುವ ಭಾಗಗಳಿಗೆ ಕಂಪನಿ ಮುದ್ರೆ ಇನ್ನೂ ಅನವಶ್ಯ. ಶಿರಹಟ್ಟಿ, ಮುಂಡರಗಿ ಕಡೆಯ ಹರಳು ಬೆರೆತ ಮಸಾರಿ (ಕೆಂಪು ಮಣ್ಣು) ಯಾವ ಬ್ಲೇಡನ್ನೂ ಬಿಡುವುದಿಲ್ಲ. ನೋಡಬೇಕಾದ್ದು ಬೋರಾನ್ ಸ್ಟೀಲೇ, ಪಾಣ (ಕಾಯಿಸಿ ಅದ್ದಿ ಗಟ್ಟಿ ಮಾಡುವುದು) ಸರಿಯಾಗಿ ಕುಡಿದಿದೆಯೇ ಎಂಬುದು. ಅಂಚಿಗೆ ಅರ ಹಾಕಿ: ಬೆಣ್ಣೆಯಂತೆ ಕೊರೆದರೆ ಮೆತ್ತಗಿದೆ, ಬೇಗ ಸವೆಯುತ್ತದೆ, ಪೂರ್ತಿ ಜಾರಿದರೆ ಅತಿ ಬಿರುಸು, ಕಲ್ಲಿಗೆ ತುಂಡಾಗುತ್ತದೆ. ತಕ್ಕಡಿಯಲ್ಲೂ ತೂಗಿ. ಆರಡಿ ರೋಟಾವೇಟರ್‌ಗೆ ಸಾಮಾನ್ಯವಾಗಿ 42 ಬ್ಲೇಡ್. ಒಂದಕ್ಕೊಂದು ತೂಕ ಕೂಡದಿದ್ದರೆ ರೋಟರ್ ನಡುಗಿ, ಒಳ್ಳೆಯ ಬೇರಿಂಗನ್ನೂ ತಿನ್ನುತ್ತದೆ. ಇದಿಷ್ಟು ನೋಡಿ ಕೊಂಡ ಲೋಕಲ್ ಸೆಟ್ಟಿಗೆ ಹೆದರಬೇಕಿಲ್ಲ. ಕಲ್ಟಿವೇಟರ್‌ನ ಮಣ್ಣು ಸೀಳುವ ಕುಡವನ್ನಂತೂ ಊರ ಕುಲುಮೆಯಲ್ಲೇ ಹಣಿಸಿ ಮತ್ತೆ ಕಟ್ಟಬಹುದು.

ಹದ ಕಾಯುವುದಿಲ್ಲ ಎಂಬ ಮಾತು ನಿಜವೇ. ಅದಕ್ಕೇ ಕಂಪನಿ ಮಾಲು ಬರಲಿ ಎಂದು ಎರಡು ದಿನ ಕೂಡಬಾರದು. ಬೆಳಿಗ್ಗೆ ಗದಗ ಪೇಟೆಯಿಂದ ಅದೇ ನಂಬರಿನ ಬೇರಿಂಗ್, ಸೀಲ್ ತಂದು ಕೂಡಿಸಿದರೆ ಮಧ್ಯಾಹ್ನವೇ ಹೊಲಕ್ಕೆ ಇಳಿಯಬಹುದು.