ನಿವಾಸಿಗಳೇ, ದಯವಿಟ್ಟು ಬಾಯಿ ಬಿಡಿ

ಇಂಗ್ಲೆಂಡಿನಲ್ಲಿ 18 ಮೀಟರ್ ಎತ್ತರ ಅಥವಾ 7 ಮಹಡಿ ಮುಟ್ಟಿದ ವಸತಿ ಕಟ್ಟಡಗಳ ಹೊಣೆ ಹೊತ್ತವರು, ಸುರಕ್ಷತೆಯ ವಿಷಯದಲ್ಲಿ ನಿವಾಸಿಗಳ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತೇವೆಂದು ಬರೆದಿಡಬೇಕು ಎನ್ನುತ್ತದೆ 2022ರ ಕಟ್ಟಡ ಸುರಕ್ಷತಾ ಕಾಯ್ದೆ. ಹೀಗಾಗಿ ಮನೆಗಳನ್ನು ಬಾಡಿಗೆಗೆ ಕೊಡುವ ಸ್ಥಳೀಯ ಆಡಳಿತಗಳಾದ ಕೌನ್ಸಿಲ್‌ಗಳಲ್ಲೀಗ ‘ನಿವಾಸಿಗಳ ಸಹಭಾಗಿತ್ವ ಕಾರ್ಯತಂತ್ರ’ಗಳ ಸುಗ್ಗಿ. ಬಾಡಿಗೆದಾರರ ಬಾಯಿ ಬಿಡಿಸಲು ಪಡುತ್ತಿರುವ ಈ ಶ್ರಮವನ್ನು ಮೆಚ್ಚಲೇಬೇಕು. ಪಾಪ, ಅವರು ಇಷ್ಟು ವರ್ಷ ತುಟಿ ಹೊಲಿದುಕೊಂಡು ಕುಳಿತಿದ್ದರಲ್ಲ!

ಲಂಡನ್ನಿನ ಗ್ರೆನ್‌ಫೆಲ್ ಟವರಿನವರು ಮಾತ್ರ ತುಸು ವಾಚಾಳಿಗಳು. ಕೆನ್ಸಿಂಗ್ಟನ್ ಮತ್ತು ಚೆಲ್ಸೀ ಕೌನ್ಸಿಲಿಗೆ ಸೇರಿದ ಆ 24 ಮಹಡಿಗಳ ಕಟ್ಟಡದಲ್ಲಿ ಬೆಂಕಿಯ ಅಪಾಯವಿದೆಯೆಂದು ಅವರು ವರ್ಷಗಟ್ಟಲೆ ಬರೆದರು. 2013ರಲ್ಲಿ ಉತ್ತರವೂ ಬಂತು, ಕೌನ್ಸಿಲಿನ ವಕೀಲರಿಂದ: ಇದು ಮಾನಹಾನಿ, ಇದು ಕಿರುಕುಳ ಎಂದು. ಇದಕ್ಕಿಂತ ಶ್ರದ್ಧೆಯ ಸಹಭಾಗಿತ್ವ ಬೇಕೆ? ದೊಡ್ಡ ದುರಂತವೊಂದು ನಡೆಯದ ಹೊರತು ಈ ಕಟ್ಟಡದ ಆಡಳಿತ ನಡೆಸುವವರ ಅಸಮರ್ಥತೆ ಬಯಲಾಗದು ಎಂದು 2016ರ ನವೆಂಬರಿನಲ್ಲಿ ಮತ್ತೆ ಬರೆದರು. 2017ರ ಜೂನ್ 14ರ ಬೆಂಕಿಯಲ್ಲಿ 72 ಮಂದಿ ಸತ್ತರು.

ಮಿತವ್ಯಯದ ಮಾತನ್ನೂ ಇಲ್ಲಿಯೇ ಆಡಿಬಿಡಬೇಕು. ಆ ಕಟ್ಟಡದ ಹೊರಗೋಡೆಗೆ ಮೊದಲು ಯೋಚಿಸಿದ್ದ ಸತುವಿನ ಹೊದಿಕೆಯನ್ನು ಬಿಟ್ಟು, ಸುಲಭವಾಗಿ ಉರಿಯುವ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್ ತಿರುಳಿನ ಅಲ್ಯೂಮಿನಿಯಂ ಹಲಗೆಗಳನ್ನು ಆರಿಸಿದ್ದರಿಂದ ಉಳಿದದ್ದು ಸುಮಾರು 2.9 ಲಕ್ಷ ಪೌಂಡ್. ಕೌನ್ಸಿಲಿಗೆ ಗತಿಯಿರಲಿಲ್ಲವೇನೋ ಎಂದು ಮರುಗಬೇಡಿ. ಇದೇ ಕೌನ್ಸಿಲು 2014ರಲ್ಲಿ, ತಾನು ದಕ್ಷತೆಯಿಂದ ಬಹಳ ಉಳಿಸಿದ್ದೇನೆಂದು ಬೀಗುತ್ತ, ಪೂರ್ತಿ ತೆರಿಗೆ ಕಟ್ಟುವವರಿಗೆ ತಲಾ 100 ಪೌಂಡ್ ಹಿಂತಿರುಗಿಸಿತ್ತು.

ಸರ್ಕಾರವೂ ಹಿಂದೆ ಬೀಳಲಿಲ್ಲ. ಆ ಕಟ್ಟಡದಲ್ಲಿದ್ದ 37 ಅಂಗವಿಕಲ ನಿವಾಸಿಗಳಲ್ಲಿ 15 ಮಂದಿ ಸತ್ತಿದ್ದರು. ತಾವಾಗಿ ಇಳಿದು ಬರಲಾರದವರಿಗೆ ಪ್ರತ್ಯೇಕ ತೆರವು ಯೋಜನೆ ಇರಲಿ ಎಂದು ವಿಚಾರಣಾ ಆಯೋಗ 2019ರಲ್ಲಿಯೇ ಹೇಳಿದರೆ, ಗೃಹ ಇಲಾಖೆ 2022ರಲ್ಲಿ ಅದನ್ನು ಒಲ್ಲೆನೆಂದಿತು; ಕೊಟ್ಟ ಕಾರಣಗಳಲ್ಲಿ ಸುರಕ್ಷತೆಯೂ ಒಂದು. ನಡೆಯಲಾರದವರನ್ನು ಹೊರತರುವುದರಲ್ಲಿ ಅಪಾಯ ಕಂಡವರಿಗೆ, ಅವರನ್ನು ಒಳಗೇ ಬಿಡುವುದರಲ್ಲಿ ಏನೂ ಕಾಣಲಿಲ್ಲ. ಮುಂದಿನ ಸರ್ಕಾರ ಬಂದು ನಿಲುವು ಬದಲಿಸಬೇಕಾಯಿತು.

ಆ ಸಾವುಗಳೆಲ್ಲ ತಪ್ಪಿಸಬಹುದಾಗಿದ್ದವು ಎಂದು ಅಂತಿಮ ವರದಿ ಬಂದಾಗ ಆಯೋಗದ ಅಧ್ಯಕ್ಷರು ಹೇಳಿದರು. ಅದು 2024ರ ಸೆಪ್ಟೆಂಬರ್. ಆ ದಿನದವರೆಗೂ ಅವುಗಳಿಗಾಗಿ ಒಬ್ಬರ ಮೇಲೂ ಕ್ರಿಮಿನಲ್ ಆರೋಪ ಹೊರಿಸಿರಲಿಲ್ಲ. ಜನ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿದೆ. ಇನ್ನೊಂದು ಪ್ರಶ್ನಾವಳಿಯನ್ನು ಅವರ ಮನೆಬಾಗಿಲಿಗೆ ತಳ್ಳುವ ಮೊದಲು, ಅವರ ಕಟ್ಟಡಗಳ ಗೋಡೆಗಳಿಗೆ ಅಂಟಿಕೊಂಡಿರುವ ಉರಿಯುವ ಹೊದಿಕೆಯನ್ನು ಕಿತ್ತುಹಾಕಿ.