ಜಾಕ್ ಮಾ ಜೈಲಿನಲ್ಲಿಲ್ಲ: ದಯವಿಟ್ಟು ಆ ಸಂದೇಶ ಹಂಚಬೇಡಿ

‘ಸರ್ಕಾರವನ್ನು ಟೀಕಿಸಿದ ಅಲಿಬಾಬಾ ಸ್ಥಾಪಕ ಜಾಕ್ ಮಾ ಅವರನ್ನು ಚೀನಾ ಬಂಧಿಸಿ ಜೈಲಿಗೆ ಹಾಕಿದೆ’ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಇದು ನಿಜವಲ್ಲ.

ಬಂಧನದ ಗುಲ್ಲೆದ್ದದ್ದು 2022ರ ಮೇ 3ರಂದು. ಹಾಂಗ್‌ಝೌ ನಗರದಲ್ಲಿ ‘ಮಾ’ ಎಂಬ ಮನೆತನದ ಹೆಸರಿನವರೊಬ್ಬರನ್ನು ವಶಕ್ಕೆ ಪಡೆಯಲಾಗಿದೆ ಎಂದು ಚೀನಾದ ಸರ್ಕಾರಿ ಟಿ.ವಿ. ವರದಿ ಮಾಡಿತು. ಆನ್‌ಲೈನ್ ವ್ಯಾಪಾರ ಕಂಪನಿ ಅಲಿಬಾಬಾದ ಕೇಂದ್ರ ಕಚೇರಿಯೂ ಅದೇ ಊರಿನಲ್ಲಿರುವುದರಿಂದ ಜನ ಜಾಕ್ ಮಾ ಅವರೇ ಎಂದುಕೊಂಡರು. ಹಾಂಗ್‌ಕಾಂಗ್‌ನಲ್ಲಿ ಕಂಪನಿಯ ಷೇರು ಒಂದು ಹಂತದಲ್ಲಿ ಶೇ 9ರಷ್ಟು ಕುಸಿಯಿತು. ಆದರೆ ಸಿಕ್ಕಿಬಿದ್ದವರು 1985ರಲ್ಲಿ ಹುಟ್ಟಿದ ಬೇರೊಬ್ಬರು. ಜಾಕ್ ಮಾ ಹುಟ್ಟಿದ್ದು 1964ರಲ್ಲಿ. ಅದೇ ದಿನ ಗೊಂದಲ ಬಗೆಹರಿದು ಷೇರು ಬಹುಪಾಲು ಚೇತರಿಸಿಕೊಂಡಿತು. ಸ್ಪಷ್ಟನೆ ಮಾತ್ರ ನಮ್ಮ ಗುಂಪುಗಳಿಗೆ ತಲುಪಲೇ ಇಲ್ಲ.

ಟೀಕೆಯ ಮಾತು ನಿಜ, ಅದನ್ನು ಮುಚ್ಚಿಡಬೇಕಿಲ್ಲ. 2020ರ ಅಕ್ಟೋಬರ್ 24ರಂದು ಶಾಂಘೈನಲ್ಲಿ ಅವರು ಬ್ಯಾಂಕುಗಳನ್ನೂ ನಿಯಂತ್ರಕರನ್ನೂ ಕಟುವಾಗಿ ಟೀಕಿಸಿದ್ದರು. ನವೆಂಬರ್ 3ರಂದು ಅವರೇ ಸ್ಥಾಪಿಸಿದ ಹಣಕಾಸು ಕಂಪನಿ ಆ್ಯಂಟ್ ಗ್ರೂಪ್‌ನ ಐಪಿಒ (ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ) ತಡೆಹಿಡಿಯಲಾಯಿತು. ಮರುವರ್ಷ ಅಲಿಬಾಬಾಕ್ಕೆ 1,800 ಕೋಟಿ ಯುವಾನ್‌ಗೂ ಹೆಚ್ಚು ದಂಡ ಬಿತ್ತು. ಶಾಂಘೈನ ಆ ಮಾತಿನ ನಂತರ ಅವರು ಸುಮಾರು ಮೂರು ತಿಂಗಳು ಸಾರ್ವಜನಿಕವಾಗಿ ಕಾಣಿಸಲಿಲ್ಲ. ಇದೆಲ್ಲ ಗಂಭೀರವೇ, ಆದರೆ ಜೈಲುವಾಸವಲ್ಲ.

2021ರ ಜನವರಿ 20ರಂದು ಗ್ರಾಮೀಣ ಶಿಕ್ಷಕರೊಂದಿಗೆ ವಿಡಿಯೊ ಮೂಲಕ ಮಾತಾಡಿದರು. 2023ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಅತಿಥಿ ಪ್ರಾಧ್ಯಾಪಕರಾದರು. 2025ರ ಫೆಬ್ರುವರಿ 17ರಂದು ಬೀಜಿಂಗ್‌ನಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಕರೆದ ಉದ್ಯಮಿಗಳ ಸಭೆಯಲ್ಲಿ ಮೊದಲ ಸಾಲಿನಲ್ಲೇ ಕುಳಿತಿದ್ದರು; ಸರ್ಕಾರಿ ಟಿ.ವಿ.ಯೇ ಅದನ್ನು ತೋರಿಸಿತು.

ಆ ಸಂದೇಶ ನಿಮಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.