ಕುಂಯ್ಗುಡುವ ಕಾರ್ಡು, ತುಟಿ ಬಿಚ್ಚದ ಲಿನಕ್ಸು

ಹುಬ್ಬಳ್ಳಿಯ ದಾಜಿಬಾನ ಪೇಟೆಯ ಸಗಟು ಅರಿವೆ ಅಂಗಡಿಯಲ್ಲಿ ಸರ್ವರ್ ಇರುವ ಜಾಗ ಅಂದರೆ ಮೆಟ್ಟಿಲ ಕೆಳಗಿನ ಮೂಲೆ. ತಲೆ ಮೇಲೆ ಲಕ್ಷ್ಮಿ ಫೋಟೊ, ಬಗಲಿಗೆ ಯುಪಿಎಸ್, ಮುಂದೆ ಚಪ್ಪಲಿ ರಾಶಿ.

"ಒಳಗ ಏನೋ ಕುಂಯ್ ಕುಂಯ್ ಅನ್ನಾಕತ್ತೈತ್ರಿ ಸರ."

"ಯುಪಿಎಸ್ ಇರ್ಬೇಕ್ ತಗೋ. ಬಾಗಲಾ ಹಾಕ್ಕೊಂಡ್ ಬಾ."

ಬಾಗಿಲು ಹಾಕಿದರೆ ಸದ್ದು ಕೇಳಿಸುವುದಿಲ್ಲ, ಅದು ಖರೆ. ಆದರೆ ಕೂಗಿದ್ದು ಯುಪಿಎಸ್ ಅಲ್ಲ, ಹಾರ್ಡ್‌ವೇರ್ ರೇಡ್ ಕಾರ್ಡು. ರೇಡ್ ಅಂದರೆ ಒಂದು ಡಿಸ್ಕು ಸತ್ತರೂ ಡೇಟಾ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ಏರ್ಪಾಡು. ಜೋಡಿ ಎಸ್‌ಎಸ್‌ಡಿಯಲ್ಲಿ ಒಂದು ಸತ್ತಿದೆ, ಉಳಿದ ಒಂದರ ಮೇಲೆ ಇಡೀ ಅಂಗಡಿಯ ಬಿಲ್ಲಿಂಗ್ ನಡೆದಿದೆ. ಇಂಥ ಹೊತ್ತಿನಲ್ಲಿ ಮಾಲಕರಿಗೆ ಫೋನ್ ಹಚ್ಚಿ "ಸಾಹುಕಾರ್ರ, ರೇಡ್ ಬಿದ್ದೈತ್ರಿ" ಅನ್ನಬಾರದು. ವ್ಯಾಪಾರಸ್ಥರಿಗೆ ಆ ಶಬ್ದದ ಅರ್ಥವೇ ಬೇರೆ.

ಕಾರ್ಡಿಲ್ಲದೆ ಆಪರೇಟಿಂಗ್ ಸಿಸ್ಟಮ್ಮೇ ಈ ಕೆಲಸ ಮಾಡಿದರೆ ಅದು ಸಾಫ್ಟ್‌ವೇರ್ ರೇಡ್, ಅದಕ್ಕೆ ಕೂಗುವ ಚಟ ಇಲ್ಲ. ಲಿನಕ್ಸಿನ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ (mdadm), ಡಿಸ್ಕ್ ಸತ್ತರೆ ಪಿಟಕ್ ಅನ್ನದೆ ರೂಟ್ ಎಂಬಾತನಿಗೆ, ಅಂದರೆ ಸರ್ವರಿನ ಯಜಮಾನ ಖಾತೆಗೆ, ಒಂದು ಮೇಲ್ ಬರೆದು ಸುಮ್ಮನಾಗುತ್ತದೆ. ರೂಟ್‌ಗೆ ಬಂದ ಮೇಲ್ ಓದುವವರು ಹುಬ್ಬಳ್ಳಿಯಿಂದ ಧಾರವಾಡದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಹಾಗಾಗಿ ಅದರ ಕಾನ್ಫಿಗ್ ಫೈಲಿನ ಮೇಲ್‌ಅಡ್ರ್ (MAILADDR) ಸಾಲಿನಲ್ಲಿ ದಿನಾ ಮೇಲ್ ನೋಡುವ ಮನುಷ್ಯನ ವಿಳಾಸ ಹಾಕಿ, ಮಾನಿಟರ್ ಆಜ್ಞೆಯನ್ನು ಟೆಸ್ಟ್ ಮತ್ತು ಒನ್‌ಶಾಟ್ ಜೊತೆಗೆ ಒಮ್ಮೆ ಓಡಿಸಿ. ಮೇಲ್ ಮುಟ್ಟಿದ್ದು ಕಣ್ಣಿಗೆ ಕಾಣುವ ತನಕ ಸರ್ವರ್ ಬಿಟ್ಟು ಏಳಬೇಡಿ.

ಇಷ್ಟಾದರೂ ಎಸ್‌ಎಸ್‌ಡಿಗೆ ನನ್ನ ಓಟು ಸಾಫ್ಟ್‌ವೇರ್‌ಗೇ. ಕಾರ್ಡಿಗೆ ಮರ್ಯಾದೆ ಬಂದದ್ದು ತಿರುಗುವ ಹಾರ್ಡ್ ಡಿಸ್ಕಿನ ಕಾಲದಲ್ಲಿ. ಡಿಸ್ಕು ನಿಧಾನ, ಕಾರ್ಡು ಬರವಣಿಗೆಯನ್ನೆಲ್ಲ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು "ಬರದಾಯ್ತು" ಎಂದು ಸುಳ್ಳು ಹೇಳುತ್ತಿತ್ತು. ನಡುವೆ ಕರೆಂಟ್ ಹೋದರೆ ಆ ಸುಳ್ಳನ್ನು ಕಾಯಲು ಬ್ಯಾಟರಿ. ಈಗ ಸರ್ವರ್ ದರ್ಜೆಯ ಎಸ್‌ಎಸ್‌ಡಿಯ ಹೊಟ್ಟೆಯಲ್ಲೇ ಕೆಪಾಸಿಟರ್ ಇರುತ್ತವೆ. ಕರೆಂಟ್ ಹೋದರೂ ಕೈಯಲ್ಲಿದ್ದದ್ದನ್ನು ಬರೆದೇ ಮಲಗುತ್ತದೆ. ಕಾರ್ಡಿನ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೋತಾಗ ಕಾರ್ಡು ಸದ್ದಿಲ್ಲದೆ ರೈಟ್ ಬ್ಯಾಕ್‌ನಿಂದ (ಕ್ಯಾಶ್‌ನಲ್ಲಿಟ್ಟು ಸುಳ್ಳು ಹೇಳುವ ಪದ್ಧತಿ) ರೈಟ್ ಥ್ರೂಗೆ (ಡಿಸ್ಕಿಗೆ ಬರೆದ ಮೇಲೆಯೇ ಹೇಳುವ ಪದ್ಧತಿ) ಇಳಿಯುತ್ತದೆ. ಎಲ್ಲ ನಿಧಾನವಾಗುತ್ತದೆ, ಬೈಗುಳ ಮಾತ್ರ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ ಹುಡುಗನಿಗೆ. ಕಾರ್ಡಿಗೆ ಇಡುವ ರೊಕ್ಕವನ್ನು ಕೆಪಾಸಿಟರ್ ಇರುವ ಡಿಸ್ಕಿಗೆ ಸುರಿಯುವುದು ಲೇಸು.

ಎನ್‌ವಿಎಂಇ ಎಂಬ ವೇಗದ ಜಾತಿಯ ಎಸ್‌ಎಸ್‌ಡಿ ಆದರಂತೂ ಮಾತೇ ಬೇಡ. ಪ್ರತಿ ಡಿಸ್ಕಿಗೂ ಪ್ರೊಸೆಸರ್‌ವರೆಗೆ ನಾಲ್ಕು ಲೇನಿನ ಸ್ವಂತ ದಾರಿ, ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಹಾಗೆ. ಆ ದಾರಿಯ ಹೆಸರು ಪಿಸಿಐಇ, ಅದರ 3ನೇ ಪೀಳಿಗೆಯ ಲೆಕ್ಕದಲ್ಲಿ ಒಂದೊಂದು ಡಿಸ್ಕು ಸೆಕೆಂಡಿಗೆ ಸುಮಾರು 3.5 ಜಿಬಿ ಓದಿದರೆ ನಾಲ್ಕಕ್ಕೆ 14. ಎಂಟು ಲೇನಿನ ಕಾರ್ಡ್ ಹಿಂದೆ ಕೂಡಿಸಿದರೆ 8ನ್ನೂ ದಾಟದು. ಚಿಗರಿಯನ್ನು ಅದರ ದಾರಿಯಿಂದ ಇಳಿಸಿ ದುರ್ಗದಬೈಲಿನ ಸಂಜೆಯ ಗದ್ದಲಕ್ಕೆ ನುಗ್ಗಿಸಿದಂತೆ. ಮೇಲಾಗಿ ಎಷ್ಟೋ ಕಾರ್ಡುಗಳು "ಈ ಫೈಲು ಅಳಿಸಿದೆ" ಎಂದು ತಿಳಿಸುವ ಟ್ರಿಮ್ ಸಂದೇಶವನ್ನು ಡಿಸ್ಕಿಗೆ ದಾಟಿಸುವುದಿಲ್ಲ. ಅಳಿಸಿದ ಫೈಲನ್ನೂ ಜೀವಂತ ಎಂದುಕೊಂಡು ಎಸ್‌ಎಸ್‌ಡಿ ಅತ್ತಿಂದಿತ್ತ ಹೊತ್ತು ಸವೆಯುತ್ತದೆ. ಲಿನಕ್ಸ್ ರೇಡ್ 1 (ಎರಡು ಡಿಸ್ಕಿನಲ್ಲಿ ಒಂದೇ ಡೇಟಾ, ಅಂದರೆ ಮಿರರ್) ಮತ್ತು 10ರಲ್ಲಿ (ಅಂಥ ಜೋಡಿಗಳನ್ನು ಸೇರಿಸಿದ್ದು) ಟ್ರಿಮ್ ದಾಟುತ್ತದೆ. ಒಂದೇ ಸರ್ವರಿನಲ್ಲಿ ಹಲವು ವರ್ಚುವಲ್ ಸರ್ವರ್ ಓಡಿಸುವ ವಿಎಂವೇರ್ ಇಎಸ್‌ಎಕ್ಸ್‌ಐ ಹಾಕುವವರಿಗೆ ಮಾತ್ರ ಕಾರ್ಡ್ ಬೇಕಾಗುತ್ತದೆ, ಅದರಲ್ಲಿ ಲಿನಕ್ಸಿನಂಥ ಸಾಫ್ಟ್‌ವೇರ್ ರೇಡ್ ಇಲ್ಲ.

ಎರಡು ಡಿಸ್ಕಿದ್ದರೆ ರೇಡ್ 1, ನಾಲ್ಕಿದ್ದರೆ 10. ಜಾಗ ಉಳಿಯುತ್ತದೆ ಎಂದು, ಪೂರ್ತಿ ನಕಲಿನ ಬದಲು ಲೆಕ್ಕದ ತುಣುಕು ಮಾತ್ರ ಇಡುವ ರೇಡ್ 5ಕ್ಕೆ ಆಸೆಪಟ್ಟರೆ ಒಂದು ಸಣ್ಣ ಬರವಣಿಗೆಗೆ ಎರಡು ಓದು, ಎರಡು ಬರೆ. ಎರಡೂ ಡಿಸ್ಕನ್ನು ಒಂದೇ ಪೆಟ್ಟಿಗೆಯಿಂದ ತರುವುದು ಇನ್ನೊಂದು ಜಾಣತನ. 2019ರಲ್ಲಿ ಕೆಲವು ಮಾದರಿಯ ಎಸ್‌ಎಸ್‌ಡಿಗಳಲ್ಲಿ ಒಂದು ಫರ್ಮ್‌ವೇರ್ ದೋಷ ಹೊರಬಿತ್ತು: 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ತುಂಬಿದ ಕೂಡಲೆ ಡಿಸ್ಕು ಖಲಾಸ್. ಒಂದೇ ದಿನ ಚಾಲೂ ಮಾಡಿದ ಜೋಡಿ ಹೋಗುವುದೂ ಒಂದೇ ದಿನ. ಮಿರರ್ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತು ಅನ್ನಬೇಕು!

ಬೂಟ್ ವಿಷಯ. ಸರ್ವರನ್ನು ಎಬ್ಬಿಸುವ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ ಎರಡೂ ಡಿಸ್ಕಿನಲ್ಲಿ ಬೇಕು. ಇಲ್ಲದಿದ್ದರೆ ಮೊದಲ ಡಿಸ್ಕ್ ಸತ್ತ ದಿನ ಡೇಟಾ ಎಲ್ಲ ಸುರಕ್ಷಿತ, ಸರ್ವರ್ ಮಾತ್ರ ಏಳುವುದಿಲ್ಲ. ಹೊಸ ಸರ್ವರಿನಲ್ಲಿ ಒಂದೊಂದೇ ಡಿಸ್ಕ್ ಎಳೆದು ಬೂಟ್ ಮಾಡಿ ನೋಡಿ. ಒಮ್ಮೆಗೆ ಒಂದು, ಮರಳಿ ಸೇರಿಸಿದ ಮೇಲೆ ಸಿಂಕ್ (ಡೇಟಾದ ನಕಲು) ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಚ್ಚದೆ.

ಆದರೆ ಹೆಚ್ಚಿನ ಅನಾಹುತ ಆಗುವುದು ಯಂತ್ರದಿಂದಲ್ಲ, ಕೈಯಿಂದ. ಸತ್ತ ಡಿಸ್ಕ್ ಬಿಟ್ಟು ಬದುಕಿದ್ದನ್ನು ಎಳೆಯುವುದು. ತೆರೆಯ ಮೇಲೆ ಎಸ್‌ಡಿಎ (ಲಿನಕ್ಸ್ ಡಿಸ್ಕಿಗೆ ಇಡುವ ಹೆಸರು) ಅಂತ ಕಂಡದ್ದು ಎಡಗಡೆಯದೇ ಇರಬೇಕೆಂದಿಲ್ಲ. ರೀಬೂಟ್ ಆದರೆ ಹೆಸರು ಅದಲು ಬದಲಾಗಬಹುದು. ನಂಬಬೇಕಾದದ್ದು ಸೀರಿಯಲ್ ನಂಬರನ್ನು. ಪಾರ್ಟಿಷನ್ ಪಟ್ಟಿಯನ್ನು ಬದುಕಿರುವ ಹಳೆಯ ಡಿಸ್ಕಿನಿಂದ ಹೊಸದಕ್ಕೆ ನಕಲು ಮಾಡಬೇಕು. ತಿರುವು ಮುರುವಾದರೆ ಖಾಲಿ ಪಟ್ಟಿ ಬದುಕಿದ್ದರ ಮೇಲೆ ಕೂಡುತ್ತದೆ. ಆಮೇಲೆ ಹೊಸ ಡಿಸ್ಕನ್ನು ಆಡ್ ಮಾಡಿ, ಸಿಂಕ್ ಎಷ್ಟಾಯಿತೆಂದು ತೋರಿಸುವ ಎಂಡಿಸ್ಟ್ಯಾಟ್ ನೋಡುತ್ತ ಕೂಡಿ. ಲಿನಕ್ಸ್ ತಾನಾಗಿ ಇಟ್ಟಿರುವ ಸೆಕೆಂಡಿಗೆ 200 ಎಂಬಿಯ ಮಿತಿಯಲ್ಲಿ 1.92 ಟಿಬಿಗೆ ಸುಮಾರು 2 ಗಂಟೆ 40 ನಿಮಿಷ. ಗಿರಮಿಟ್ಟು, ಮಿರ್ಚಿ, ಚಾ ಎಲ್ಲ ಮುಗಿದೂ ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲಿ ಪ್ರತಿ ಡಿಸ್ಕಿನ ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರ ಬರೆದು ಕ್ಯಾಡಿಯ (ಡಿಸ್ಕ್ ಕೂಡಿಸುವ ತಟ್ಟೆಯ) ಮೋತಿಗೆ ಅಂಟಿಸಿ, ಒಂದು ಪ್ರತಿಯನ್ನು ಡೈರಿಯಲ್ಲೂ ಬರೆದಿಡಿ. ಡೈರಿ ಯಾಕೆಂದರೆ, ಖಂಡೇಪೂಜೆಯ ಹಿಂದಿನ ದಿನ ಅಂಗಡಿಯ ಹುಡುಗ ಹಸಿ ಅರಿವೆ ಹಿಡಿದು ಸರ್ವರ್ ಮುಂದೆ ಕೂಡುತ್ತಾನೆ.

"ಏನೋ ಹೊಲಸ ಕಾಗದಾ ಹತ್ತಿದ್ವು, ಕಿತ್ತ್ ಒಗದೇನ್ರಿ ಸರ. ಈಗ ನೋಡ್ರಿ, ಹೆಂಗ ಫಳಫಳ ಅನ್ನಾಕತ್ತೈತಿ."